ನಮ್ಮ ಶ್ರಾವಣ, ಅವರ ಆಡಿ

ಕಳೆದ ವಾರ ಮಾಧವರಂ ಬಸ್ ನಿಲ್ದಾಣದಲ್ಲಿ ಇಳಿದು ಮನೆ ಕಡೆ ನಡೆಯುತ್ತಿದ್ದೆ. ಮೆಟ್ರೋ ಕೆಲಸಕ್ಕೆಂದು ತಗಡು ನಿಲ್ಲಿಸಿ ರಸ್ತೆಯನ್ನು ಅರ್ಧ ಮಾಡಿದ್ದಾರೆ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಎಲ್ಲಿಂದಲೋ ರಾಗಿ ಬೇಯುವ ವಾಸನೆ ಬಂತು. ಬರೀ ರಾಗಿಯಲ್ಲ, ಒಂದು ರಾತ್ರಿ ನೆನೆದು ಹುಳಿ ಬಂದ ರಾಗಿಹಿಟ್ಟು ಅಕ್ಕಿನುಚ್ಚಿನ ಜೊತೆ ದೊಡ್ಡ ಹಂಡೆಯಲ್ಲಿ ಕುದಿಯುವ ವಾಸನೆ. ತರಕಾರಿ ಚೀಲ ಹಿಡಿದುಕೊಂಡು ದಾರಿ ಮಧ್ಯೆಯೇ ನಿಂತುಬಿಟ್ಟೆ. ಹಿಂದಿದ್ದವರು "ಪೋಂಗಮ್ಮಾ" ಎಂದು ಗದರಿದ ಮೇಲೆ ಕಾಲು ಮುಂದಕ್ಕೆ ಹೋಯಿತು. ಆ ವಾಸನೆ ಬಂದರೆ ನನಗೆ ನೆನಪಾಗುವುದು ನಾವು ಈ ಬಡಾವಣೆಗೆ ಬಂದ ವರ್ಷ. ಬೀದಿಯೆಲ್ಲ ತಮಿಳರ ಆಡಿ ತಿಂಗಳು ಎನ್ನುತ್ತಿದ್ದಾಗ ನಾವೊಂದು ಮನೆಯವರು ಮಾತ್ರ ಶ್ರಾವಣ ಎಂದುಕೊಂಡು ಹೊಸ್ತಿಲಿಗೆ ಅರಿಶಿನ ಹಚ್ಚಿದ ವರ್ಷ.

ಅದಕ್ಕೂ ಮುಂಚೆ ಒಂಬತ್ತು ವರ್ಷ ಟಿ. ನಗರದಲ್ಲಿ ಬಾಡಿಗೆಗಿದ್ದೆವು. ಮೂರನೇ ಮಹಡಿ. ಕೆಳಗೆ ಬಟ್ಟೆ ಅಂಗಡಿ, ಎದುರಿಗೆ ಚಿನ್ನದಂಗಡಿ, ಬೆಳಗಿನಿಂದ ಸಂಜೆವರೆಗೆ ಜಾತ್ರೆಯಂಥ ಜನ. ಮಾವ ತೀರಿಕೊಂಡ ಮೇಲೆ ನಮ್ಮತ್ತೆ ಚಿಕ್ಕತಾಯಮ್ಮನವರು ಮಂಡ್ಯ ಕಡೆಯಿಂದ ಬಂದು ನಮ್ಮ ಜೊತೆ ಸೇರಿದ್ದರು. ಊರಲ್ಲಿ ಬೀದಿಗೆಲ್ಲ ದೊಡ್ಡಮ್ಮನಾಗಿದ್ದವರು ಇಲ್ಲಿ ಬಾಲ್ಕನಿಯ ಕಂಬಿ ಹಿಡಿದು ನಿಂತುಕೊಳ್ಳುವುದೇ ಕೆಲಸವಾಯಿತು. ನಾನು ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆ ಬರುತ್ತಿದ್ದೆ. ಮಗಳು ಚೈತ್ರ ಅಜ್ಜಿಯ ಮಾತೆಲ್ಲ ಅರ್ಥ ಮಾಡಿಕೊಂಡು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಒಂದು ದಿನ ಅತ್ತೆ ಕೆಳಗಿನ ಜನಸಾಗರ ನೋಡುತ್ತಾ, "ಇಷ್ಟೊಂದು ಜನ ಓಡಾಡ್ತಾರೆ ಸುಮಿತ್ರಾ, ಒಂಬತ್ತು ವರ್ಷದಲ್ಲಿ ಒಬ್ರಾದ್ರೂ ಮ್ಯಾಕೆ ಬಂದು ಒಂದು ಲೋಟ ನೀರು ಕುಡುದ್ರಾ?" ಎಂದು ಕೇಳಿದರು. ಪಕ್ಕದ ಫ್ಲಾಟಿನವರ ಹೆಸರು ನನಗೂ ಬಾಗಿಲ ಮೇಲಿನ ಬೋರ್ಡಿನಿಂದಲೇ ಗೊತ್ತು.

ನಮ್ಮೆಜಮಾನರು ಮಂಜುನಾಥ್ ಅವರಿಗೆ ಕೆಲಸ ಮಣಲಿಯ ಕಾರ್ಖಾನೆಯಲ್ಲಿ. ಟಿ. ನಗರದಿಂದ ದಿನಾ ಊರಿನ ಆ ತುದಿಗೆ ಹೋಗಿ ಬಂದು ಅವರ ಸೊಂಟ ಹಣ್ಣಾಗಿತ್ತು. ಕಡೆಗೆ ಮಾಧವರಂನ ಅಂಚಿನಲ್ಲಿ, ಹೊಸದಾಗಿ ಎದ್ದಿದ್ದ ಬಡಾವಣೆಯಲ್ಲಿ ಒಂದು ಪುಟ್ಟ ಮನೆ ನೋಡಿದರು. ಇಪ್ಪತ್ತೆರಡು ಮನೆ, ಅಷ್ಟೇ ಖಾಲಿ ಸೈಟು, ಸೈಟು ತುಂಬ ಬಳ್ಳಾರಿ ಜಾಲಿ, ಅದರೊಳಗೆ ಯಾರದೋ ಎಮ್ಮೆಗಳು. ಬೆಳಿಗ್ಗೆ ಹಾಲಿನ ಲಾರಿಗಳ ಸದ್ದು. ಸಂಜೆ ಸಮುದ್ರದ ಕಡೆಯಿಂದ ಗಾಳಿ ತಿರುಗಿದರೆ ಮಣಲಿಯ ಎಣ್ಣೆ ವಾಸನೆ. ಮೊದಲನೇ ಸಲ ಅತ್ತೆ ಆ ವಾಸನೆಗೆ "ಸಿಲಿಂಡ್ರು ಸೋರ್ತಾ ಐತೆ, ಎಲ್ರೂ ಆಚೆ ಬನ್ನಿ" ಎಂದು ಕೂಗಿ ನಮ್ಮನ್ನೆಲ್ಲ ರಸ್ತೆಗೆ ಓಡಿಸಿದ್ದರು. ಮನೆಯಲ್ಲಿ ಆಗ ಸಿಲಿಂಡರೇ ಇರಲಿಲ್ಲ.

ಮನೆ ಅತ್ತೆಗೆ ಹಿಡಿಸಿತ್ತು. ನೆಲಕ್ಕೆ ಅಂಟಿದ ಮನೆ, ಬಾಗಿಲು ತೆಗೆದರೆ ಬೀದಿ. ಆದರೂ ಒಂದು ಷರತ್ತು ಹಾಕಿದರು. ಗೃಹಪ್ರವೇಶವನ್ನು ನಮ್ಮ ಕಡೆ ಮನೆ ಒಕ್ಕಲು ಅನ್ನುತ್ತೇವೆ. "ನೋಡ್ಲಾ ಮಂಜ, ಒಕ್ಲಿಗೆ ಈ ಬೀದಿ ಜನ ಬಂದು ಬಾಯಿಗೆ ಏನಾರ ಆಕ್ಕೊಂಡು ಓಗ್ಬೇಕು. ಇಲ್ಲೂ ಯಾರೂ ಬರ್ದೇ ಓದ್ರೆ ನಾನು ಅವತ್ತೇ ನನ್ ತಮ್ಮನ ಜೊತೆ ಮದ್ದೂರಿಗೆ ಒಂಟೋಯ್ತೀನಿ. ಆಮ್ಯಾಕೆ ಕರೀಬ್ಯಾಡಿ." ತಮಾಷೆಗೆ ಹೇಳಿದ್ದಲ್ಲ. ತಮ್ಮ ತಗಡಿನ ಟ್ರಂಕಿಗೆ ಸೀರೆ ಜೋಡಿಸಿಟ್ಟಿದ್ದನ್ನು ನಾನೇ ನೋಡಿದೆ. ನಮ್ಮತ್ತೆ ಜೊತೆ ನನಗೆ ಜಗಳವೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಟ್ರಂಕು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಮುಹೂರ್ತ ಇಟ್ಟುಕೊಟ್ಟಿದ್ದು ಅತ್ತೆಯ ಅದೇ ತಮ್ಮ, ನಮ್ಮ ಮದ್ದೂರು ಮಾವ. ಆಷಾಢದಲ್ಲಿ ಹೊಸ ಮನೆಗೆ ಒಂದು ಪೊರಕೆಯನ್ನೂ ಒಯ್ಯಬಾರದು ಎಂದು ಅತ್ತೆ ತಿಂಗಳಿಡೀ ನಮ್ಮನ್ನು ಕಟ್ಟಿಹಾಕಿದ್ದರು. ಮಂಗಳವಾರ ಭೀಮನ ಅಮಾವಾಸ್ಯೆ ಕಳೆಯಿತು. ಬುಧವಾರ ಶ್ರಾವಣ ಹುಟ್ಟಿತು. ಶುಕ್ರವಾರ ಬೆಳಿಗ್ಗೆ ಮುಹೂರ್ತ. ಇದಕ್ಕಿಂತ ಶಾಸ್ತ್ರೋಕ್ತವಾಗಿ ಯಾರಾದರೂ ಮಾಡಲು ಸಾಧ್ಯವೇ ಎಂದು ನಾನು ಜಂಬಪಟ್ಟುಕೊಂಡು, ಬುಧವಾರ ಮಧ್ಯಾಹ್ನವೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬೀದಿ ಕರೆಯಲು ಹೊರಟೆ. ಅತ್ತೆ ಹೊಸ ಮನೆಯಲ್ಲಿ ಕಿಟಕಿ ಒರೆಸುತ್ತಾ ಉಳಿದರು.

ಪ್ರತಿ ಮನೆಗೂ ಒಂದೊಂದು ರವಿಕೆ ಕಣ. ಟಿ. ನಗರದ ಬಟ್ಟೆ ಅಂಗಡಿಯಲ್ಲಿ ರಿಯಾಯಿತಿಗೆ ಸಿಕ್ಕಿತೆಂದು ಕಟ್ಟಿನಷ್ಟು ತಂದಿದ್ದೆ. ಅಂಗಡಿಯವರು ಕೊಟ್ಟ ಕವರಿನಲ್ಲೇ ಇಟ್ಟು ಕೊಟ್ಟೆ. ಕವರಿನ ಮೇಲೆ ತಮಿಳಿನಲ್ಲಿ ಕೊಬ್ಬರಿ ಗಿಟುಕಿನಷ್ಟು ದಪ್ಪ ಅಕ್ಷರದಲ್ಲಿ 'ಆಡಿ ರಿಯಾಯಿತಿ ಮಾರಾಟ' ಎಂದು ಬರೆದಿತ್ತು. ಹೆಂಗಸರು ಕುಂಕುಮ ತೆಗೆದುಕೊಂಡರು, ಕವರು ನೋಡಿದರು, ನನ್ನ ಮುಖ ನೋಡಿದರು, ಶುಕ್ರವಾರವಾ ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಎಲ್ಲರೂ ಒಂದೇ ಮಾತು ಹೇಳಿದರು: "ಪಾಕ್ಕಲಾಂ." ನೋಡೋಣ ಎಂದು. ಇಷ್ಟು ನಗುನಗುತ್ತಾ ನೋಡೋಣ ಎಂದರೆ ಬಂದೇ ಬರುತ್ತಾರೆ ಎಂದು ನಾನು ಲೆಕ್ಕ ಹಾಕಿದೆ.

ಕೊನೆಗೆ ಎದುರು ಮನೆ. ಅಲ್ಲಿರುವುದು ವಸಂತಾ ಅಕ್ಕ, ಆಗಿನ್ನೂ ಶಾಲೆಯಲ್ಲಿ ಟೀಚರ್, ಮಾತು ನೇರ. ಕುಂಕುಮ ಇಟ್ಟುಕೊಂಡರು, ನನ್ನನ್ನು ಕೂರಿಸಿದರು, ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿದರು. "ಏಮ್ಮಾ, ಆಡಿಯಿಲ ಯಾರಾವದು ಪಾಲ್ ಕಾಚ್ಚುವಾಂಗಳಾ?" ಎಂದು ಕೇಳಿದರು. ಆಡಿಯಲ್ಲಿ ಯಾರಾದರೂ ಹೊಸ ಮನೆಯಲ್ಲಿ ಹಾಲುಕ್ಕಿಸುತ್ತಾರಾ ಎಂದು.

ನಾನು ಆಷಾಢ ಮುಗಿಯಿತಲ್ಲ ಅಕ್ಕಾ ಎಂದೆ. ಅವರು ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೋರಿಸಿದರು. ನಮ್ಮದು ಚಂದ್ರನ ಲೆಕ್ಕ, ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಅವರದು ಸೂರ್ಯನ ಲೆಕ್ಕ. ಆಡಿ ಹುಟ್ಟಿ ಇನ್ನೂ ಅರ್ಧ ತಿಂಗಳಾಗಿತ್ತು, ಮುಗಿಯಲು ಇನ್ನರ್ಧ ಬಾಕಿ ಇತ್ತು. ಆಷಾಢ, ಆಡಿ ಎರಡೂ ಒಂದೇ ಮನೆಯ ಮಕ್ಕಳು, ಮದುವೆ ಗೃಹಪ್ರವೇಶಕ್ಕೆ ಎರಡೂ ಆಗಿಬರುವುದಿಲ್ಲ. ನಾವು ಒಂದನ್ನು ದಾಟುವುದಕ್ಕೆ ತಿಂಗಳು ಕಾದು, ಇನ್ನೊಂದರ ನಡುಮಧ್ಯಕ್ಕೆ ಸರಿಯಾಗಿ ಹೋಗಿ ಬಿದ್ದಿದ್ದೆವು. ಒಂಬತ್ತು ವರ್ಷ ಈ ಊರಲ್ಲಿದ್ದೂ ನನಗೆ ಆಡಿ ಎಂದರೆ ಬಟ್ಟೆ ಅಂಗಡಿಯ ರಿಯಾಯಿತಿ ಅಷ್ಟೇ. ಆ ತಿಂಗಳು ಯಾರೂ ಶುಭಕಾರ್ಯ ಮಾಡುವುದಿಲ್ಲ, ವ್ಯಾಪಾರ ಇಲ್ಲ, ಅದಕ್ಕೇ ರಿಯಾಯಿತಿ ಎಂಬುದು ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದು ಸಾಲದೆಂದು ಅದೇ ಕವರಿನಲ್ಲಿ ಬೀದಿಗೆಲ್ಲ ಹಂಚಿ ಬಂದಿದ್ದೆ.

"ಯಾರೂ ಬರುವುದಿಲ್ಲವಾ ಅಕ್ಕಾ?" ಎಂದು ಕೇಳಿದೆ. ಅವರು ಸುತ್ತಿ ಬಳಸಲಿಲ್ಲ. ನಿಮ್ಮ ಮನೆಗೆ ಕೆಟ್ಟದಾಗಬಾರದೆಂದೇ ಬರುವುದಿಲ್ಲ, ತಪ್ಪು ತಿಳಿಯಬೇಡ ಎಂದರು.

ರಾತ್ರಿ ಟಿ. ನಗರದ ಮನೆಯಲ್ಲಿ, ಅತ್ತೆ ಮಲಗಿದ ಮೇಲೆ, ನಮ್ಮೆಜಮಾನರ ಹತ್ತಿರ ಹೇಳಿದರೆ ಇವರು ಮೊದಲು ನಕ್ಕರು, ಆಮೇಲೆ ಟ್ರಂಕು ನೆನಪಾಗಿ ಮುಖ ಸಣ್ಣ ಮಾಡಿದರು. ದಿನ ಮುಂದೂಡುವ ಹಾಗಿಲ್ಲ. ಮದ್ದೂರು ಮಾವ, ಪುರೋಹಿತರು ಆಗಲೇ ರೈಲು ಹತ್ತಲು ತಯಾರಾಗಿದ್ದರು. ಹೇಗೋ ಹೇಳಿ ಮುಂದಕ್ಕೆ ಹಾಕಿಸಿದರೂ ಅತ್ತೆಗೆ ಕಾರಣ ಹೇಳಬೇಕಲ್ಲ. "ಬಸ್ ಸ್ಟ್ಯಾಂಡಿಂದ ಒಂದೈವತ್ತು ಜನನ ಕರ್ಕೊಂಡು ಬಂದು ಬೀದಿಯೋರು ಅಂತ ಕೂರಿಸಿಬಿಡ್ಲಾ?" ಎಂದರು ಇವರು. ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಚೈತ್ರ ತಲೆ ಎತ್ತದೆ, ಆಡಿ ಅಂತ ನನಗೆ ಮೊದಲೇ ಗೊತ್ತಿತ್ತು, ನೀವು ಯಾರೂ ನನ್ನ ಕೇಳಲಿಲ್ಲ ಎಂದು ತಮಿಳಿನಲ್ಲಿ ಹೇಳಿದಳು. ಅತ್ತೆಗೆ ಹೇಳುವುದು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಮುಂದೆ ಬರಲಿಲ್ಲ. ಗುರುವಾರವೂ ಹಾಗೇ ಬೆಳಗಾಯಿತು.

ಗುರುವಾರವೂ ನಾನು ರಜೆ ಹಾಕಿ, ಚೈತ್ರಳನ್ನೂ ಕರೆದುಕೊಂಡು ಅತ್ತೆ ಜೊತೆ ಹೊಸ ಮನೆಗೆ ಹೋದೆ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳಿನಲ್ಲಿ ಗಾದೆ ಇದೆ. ಅವತ್ತು ಅದನ್ನು ಕಣ್ಣಾರೆ ನೋಡಿದೆ. ಖಾಲಿ ಸೈಟುಗಳ ಧೂಳೆಲ್ಲ ಎದ್ದು ಬಂದು, ಅತ್ತೆ ಒರೆಸಿದ ಕಿಟಕಿಯ ಮೇಲೆ ಕೂರುತ್ತಿತ್ತು. ಬೀದಿ ಮೂಲೆಯಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಅರಿಶಿನ ಬಳಿದ ಗ್ರಾಮದೇವತೆ ಅಮ್ಮನ ಕಲ್ಲು. ಅಲ್ಲಿ ಏಳೆಂಟು ಹೆಂಗಸರು ಇಟ್ಟಿಗೆ ಒಲೆ ಹೂಡಿ ಹಂಡೆ ಏರಿಸಿದ್ದರು. ಆಡಿ ಶುಕ್ರವಾರ ಅಮ್ಮನಿಗೆ ಕೂಳ್ ಹೊಯ್ಯುತ್ತಾರೆ. ಕೂಳ್ ಎಂದರೆ ನಮ್ಮ ರಾಗಿ ಅಂಬಲಿಯೇ, ಜೊತೆಗೆ ನುಚ್ಚು ಸೇರುತ್ತದೆ. ಹಿಂದಿನ ದಿನವೇ ಗಟ್ಟಿಯಾಗಿ ಬೇಯಿಸಿಟ್ಟು, ಮಾರನೇ ದಿನ ಮಜ್ಜಿಗೆ ಬೆರೆಸಿ ಬೀದಿಗೆಲ್ಲ ಹಂಚುತ್ತಾರೆ. ಹೊಸ ಬಡಾವಣೆ, ಎಲ್ಲರೂ ಒಂದೊಂದು ಕಡೆಯಿಂದ ಬಂದವರು. ಅಷ್ಟು ದೊಡ್ಡ ಹಂಡೆ ನಿಭಾಯಿಸುತ್ತಿದ್ದ ಒಬ್ಬಾಕೆ ಮಗಳ ಬಾಣಂತನಕ್ಕೆ ಹೋಗಿದ್ದರಂತೆ. ಉಳಿದವರು ಕುಕ್ಕರಿನ ಜನ.

ಗೇಟಿನ ಹತ್ತಿರ ನಿಂತು ನೋಡುತ್ತಿದ್ದ ಅತ್ತೆ ಮೂಗರಳಿಸಿದರು. "ರಾಗಿ," ಎಂದರು. ಸ್ವಲ್ಪ ಹೊತ್ತಿಗೆ, "ಗಂಟು ಕಟ್ತಾ ಐತೆ," ಎಂದರು. ಅಷ್ಟು ದೂರದಿಂದ ಅದು ಹೇಗೆ ತಿಳಿಯಿತೋ ದೇವರಿಗೇ ಗೊತ್ತು. ನಾನು ತಡೆಯುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಲೆ ತಲುಪಿದ್ದರು. ರಾಗಿ ಗಂಟಾಗುವುದನ್ನು ನೋಡಿಕೊಂಡು ಸುಮ್ಮನಿರುವುದು ಮಂಡ್ಯದವರಿಗೆ ಆಗದ ಮಾತು, ಅದರಲ್ಲೂ ನಮ್ಮತ್ತೆಗೆ.

"ಏ ಕೊಡವ್ವ ಇಲ್ಲಿ," ಎಂದು ಒಬ್ಬಾಕೆಯ ಕೈಯಿಂದ ಉದ್ದ ಕೋಲು ಕಿತ್ತುಕೊಂಡರು. "ಇಂಗಲ್ಲ, ಅಂಚಿಂದ ಒಳೀಕೆ ತಿರುವ್ಬೇಕು. ಅಂಚಿಗೆ ಒತ್ತಿ ಒಡೀಬೇಕು." ಆಕೆಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಆದರೆ ಕೋಲು ತಿರುಗುತ್ತಿದ್ದ ರೀತಿ ನೋಡಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಮುದ್ದೆ ತೊಳಸಿದ ಕೈ ಅದು, ಅರವತ್ತೆಂಟರಲ್ಲೂ ಪಟ್ಟು ಬಿಟ್ಟಿರಲಿಲ್ಲ.

ಗಂಟಿನ ಕಥೆ ಮುಗಿಯಿತು ಎನ್ನುವಾಗ ಗಾಳಿ ತನ್ನ ಕೆಲಸ ಶುರು ಮಾಡಿತು. ಬೆಂಕಿ ಹಂಡೆಯ ಕೆಳಗೆ ನಿಲ್ಲುತ್ತಲೇ ಇಲ್ಲ, ಪಕ್ಕಕ್ಕೆ ಹರಿಯುತ್ತದೆ, ಬೂದಿ ಹಾರಿ ಹಂಡೆಗೆ ಬೀಳುತ್ತದೆ. ಅರ್ಧ ಬೆಂದ ರಾಗಿ ಆರಿದರೆ ಕೆಟ್ಟಿತು. ಅತ್ತೆ ಸುತ್ತ ನೋಡಿದರು. ನಮ್ಮ ಮನೆಯ ಕಾಂಪೌಂಡ್ ಗೋಡೆ ಪಡುವಲ ಗಾಳಿಗೆ ಸರಿಯಾಗಿ ಅಡ್ಡ ಇತ್ತು. "ನಮ್ ಅಂಗಳಕ್ಕೆ ತನ್ನಿ," ಎಂದು ಕೈ ಮಾಡಿ ಕರೆದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ, ಆಡಿಯಲ್ಲಿ ಹೊಸ ಮನೆಗೆ ಕಾಲಿಡಬಾರದು. ನಮಗೆ, ಹಾಲುಕ್ಕಿಸುವ ಮೊದಲು ಹೊಸ ಮನೆಯಲ್ಲಿ ಒಲೆ ಹಚ್ಚಬಾರದು. ನಮ್ಮ ಕಟ್ಟಳೆಯನ್ನು ಮಾತ್ರ ಅತ್ತೆಗೆ ನಾನು ನೆನಪು ಮಾಡಿದರೆ, "ಮನೆ ಒಸ್ತಿಲಿಂದ ಒಳೀಕೆ ಕಣಮ್ಮಿ. ಇದು ಅಂಗಳ. ಅಮ್ಮನ ರಾಗಿ ಬೇಯಾಕೆ ಯಾವ ಮೂರ್ತ?" ಎಂದರು. ಆ ಮಾತನ್ನು ನಾನು ತಮಿಳಿನಲ್ಲಿ ಹೇಳಿದೆ. ವಸಂತಾ ಅಕ್ಕ ಅಷ್ಟು ಹೊತ್ತಿಗೆ ಶಾಲೆ ಮುಗಿಸಿ ಬಂದಿದ್ದರು. ಹಂಡೆ ನೋಡಿದರು, ಗಾಳಿ ನೋಡಿದರು, ನಮ್ಮ ಹೊಸ್ತಿಲು ನೋಡಿದರು. ಕಣ್ಣು ಅರಳಿತು. "ಸರಿಯಾಗಿ ಹೇಳಿದರು ಅಜ್ಜಿ. ನಾವೇನು ಮನೆಯೊಳಗೆ ಹೋಗುತ್ತಿದ್ದೇವಾ? ಅಮ್ಮನ ಕೂಳು ಎಲ್ಲಿ ಬೇಯುತ್ತದೋ ಅದೇ ಕೋವಿಲು, ಅದೇ ಗುಡಿ. ನಾಳೆಯೂ ಇಲ್ಲೇ ಹೊಯ್ಯೋಣ," ಎಂದರು. ಬಟ್ಟೆ ಸುತ್ತಿ ಹಂಡೆಯ ಕಿವಿ ಹಿಡಿದು ನಾಲ್ವರು ಹೆಂಗಸರು ನಮ್ಮ ಗೇಟು ದಾಟಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ರಾಗಿ ಬೇಯುತ್ತಿದ್ದಾಗ ಚೈತ್ರಳೇ ಅಜ್ಜಿಯ ಪಕ್ಕ ಕೂತು ಹರಕುಮುರುಕು ಕನ್ನಡದಲ್ಲಿ ಆಡಿಯ ಸಮಾಚಾರವನ್ನೆಲ್ಲ ಬಿಚ್ಚಿಟ್ಟಳು, ನಾಳೆ ಒಳಗೆ ಊಟಕ್ಕೆ ಯಾರೂ ಬರುವುದಿಲ್ಲ ಎನ್ನುವುದನ್ನೂ ಸೇರಿಸಿ. ಅತ್ತೆ ಕೋಲು ನಿಲ್ಲಿಸಲಿಲ್ಲ. "ಅದಕ್ಕೇನಾ ನಿಮ್ಮಪ್ಪ ಎರಡು ದಿನದಿಂದ ಇಲಿ ನುಂಗಿದ ಬೆಕ್ಕಿನಂಗೆ ಓಡಾಡ್ತಾ ಇದ್ದಿದ್ದು?" ಎಂದರು. ಟ್ರಂಕಿನ ಮಾತು ಎತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಟಿ. ನಗರದಿಂದ ಹೊರಡುವಾಗ ಆ ಟ್ರಂಕು ನಮ್ಮ ಕಾರಿನ ಡಿಕ್ಕಿಯಲ್ಲಿ ಬಂದೇ ಬಂತು.

ಒಕ್ಕಲು ಚೆನ್ನಾಗೇ ನಡೆಯಿತು. ಮದ್ದೂರು ಮಾವ, ಪುರೋಹಿತರು, ನಾವು ನಾಲ್ವರು. ಹಾಲು ಪೂರ್ವಕ್ಕೆ ಉಕ್ಕಿತು. ಅತ್ತೆ ಮಾತ್ರ ಅಡುಗೆಮನೆಯ ಬಾಗಿಲ ಹಿಂದೆಯೇ ನಿಂತಿದ್ದರು. ಮಾವ ಹೋದ ಮೇಲೆ ಅವರು ಯಾವ ಶುಭಕಾರ್ಯದಲ್ಲೂ ಮುಂದೆ ಬಂದವರಲ್ಲ. ನಾವು ಯಾರೂ ಹೇಳಿದ್ದಲ್ಲ, ತಾವೇ ಹಾಕಿಕೊಂಡ ಗೆರೆ. ನಾನು ಕೈ ಹಿಡಿದು ಎಳೆದರೂ "ಬ್ಯಾಡ ಸುಮ್ಕಿರು" ಎಂದು ಬಿಡಿಸಿಕೊಂಡರು. ಹಾಕಿದ ಚಾಪೆಗಳೆಲ್ಲ ಖಾಲಿ. ಮಾಡಿಟ್ಟ ಒಬ್ಬಟ್ಟಿನ ರಾಶಿಗೆ ಬಟ್ಟೆ ಮುಚ್ಚಿಟ್ಟೆ.

ಹತ್ತು ಗಂಟೆಗೆ ಬೀದಿಯಲ್ಲಿ ತಮಟೆ ಕೇಳಿಸಿತು. ಗೇಟು ತೆಗೆದು ನೋಡಿದರೆ ಬೇವಿನ ಸೊಪ್ಪು ಹಿಡಿದ ಹೆಂಗಸರು, ಮಕ್ಕಳು, ಎಲ್ಲರ ಕೈಯಲ್ಲೂ ಚೊಂಬು, ಹಿಡಿ ಇರುವ ತೂಕುಪಾತ್ರೆ, ಟಿಫನ್ ಡಬ್ಬಿ. ನನ್ನ ಕಣ್ಣಿಗೆ ಇಪ್ಪತ್ತೆರಡು ಮನೆಗಿಂತ ಜಾಸ್ತಿ ಜನವೇ ಕಂಡರು. ಅಂಗಳ ತುಂಬಿತು. ರಾಗಿಗೆ ಮಜ್ಜಿಗೆ ಬೆರೆಸಿ, ಸಣ್ಣ ಈರುಳ್ಳಿ ಹೆಚ್ಚಿ ಹಾಕಿದ್ದಾಯಿತು. ವಸಂತಾ ಅಕ್ಕ ಸೌಟು ತೆಗೆದುಕೊಂಡು ಸೀದಾ ಅಡುಗೆಮನೆ ಕಿಟಕಿಯ ಹೊರಗೆ ನಿಂತು "ಪಾಟ್ಟೀ, ವಾಂಗ," ಅಜ್ಜೀ ಬನ್ನಿ, ಎಂದು ಕರೆದರು.

ಅತ್ತೆ ಹೊರಗೆ ಬಂದು, ಸೌಟು ನೋಡಿ ಹಿಂದೆ ಸರಿದರು. "ನಾನ್ಯಾಕವ್ವ, ಮುತ್ತೈದೇರು ಇದ್ದೀರಿ, ನೀವು ಉಯ್ರಿ," ಎಂದರು. ಈ ಮಾತಿಗೆ ಮಾತ್ರ ಯಾರ ಅನುವಾದವೂ ಬೇಕಾಗಲಿಲ್ಲ. ವಸಂತಾ ಅಕ್ಕ ತಮ್ಮ ಬರೀ ಹಣೆ ತೋರಿಸಿದರು. ಅವರ ಗಂಡ ಹೋಗಿ ಆರು ವರ್ಷವಾಗಿತ್ತೆಂದು ನನಗೆ ಗೊತ್ತಾಗಿದ್ದೇ ಆಗ. ಬುಧವಾರ ನಾನೇ ಅವರಿಗೆ ಕುಂಕುಮ ಕೊಟ್ಟಿದ್ದೆ, ಅವರು ನನ್ನ ಮನಸ್ಸು ನೋಯಿಸದೆ ಇಟ್ಟುಕೊಂಡಿದ್ದರು. "ಅಮ್ಮನ್ ಕೂಳುಕ್ಕು ಅದೆಲ್ಲಾಂ ಕಿಡೆಯಾದು. ಕಿಂಡಿನವಂಗ ದಾನ್ ಊತ್ತಣುಂ," ಎಂದರು. ಅಮ್ಮನ ಕೂಳಿಗೆ ಅದೆಲ್ಲ ಇಲ್ಲ, ತಿರುವಿದವರೇ ಹೊಯ್ಯಬೇಕು. ಸೌಟನ್ನು ಅತ್ತೆಯ ಕೈಗೆ ಇಟ್ಟು ಬೆರಳು ಮಡಿಚಿದರು.

ಅತ್ತೆ ಹೊಯ್ದರು. ಮೊದಲ ಸೌಟು ಅಮ್ಮನಿಗೆ, ಎರಡನೆಯದು ಮೊದಲ ಸಾಲಿನ ಮಗುವಿನ ಚೊಂಬಿಗೆ. ಆಮೇಲೆ ನಿಲ್ಲಿಸಲೇ ಇಲ್ಲ. "ಇನ್ನೊಸಿ ಆಕ್ಕೊ," "ಏ ಚೆಲ್ಬೇಡ ಕಣ್ಲಾ," "ನಿನ್ ಗಂಡಂಗೆ?" ಎಂದು ಅಪ್ಪಟ ಮಂಡ್ಯದ ಮಾತಿನಲ್ಲೇ ಎಲ್ಲರನ್ನೂ ಮಾತಾಡಿಸಿದರು, ಎಲ್ಲರೂ ತಮಿಳಿನಲ್ಲಿ ಉತ್ತರ ಕೊಟ್ಟರು. ಅಂಗಳದಲ್ಲೇ ನಿಂತು ಕುಡಿದರು, ಕುಕ್ಕರುಗಾಲಿನಲ್ಲಿ ಕೂತು ಕುಡಿದರು. ನನಗೆ ಅಳು ಬಂತು. ಹೊಗೆ ಎಂದು ಸೆರಗಿನಲ್ಲಿ ಒರೆಸಿಕೊಂಡೆ, ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ಕೂಳಿನ ಜೊತೆ ಪ್ರತಿಯೊಬ್ಬರ ಡಬ್ಬಿಯ ಮುಚ್ಚಳದ ಮೇಲೂ ಎರಡೆರಡು ಒಬ್ಬಟ್ಟು ಇಟ್ಟು ಕಳಿಸಿದೆವು. ಒಳಗಿನ ಊಟ ಅವರು ಉಣ್ಣಲಿಲ್ಲ, ಒಬ್ಬಟ್ಟು ಅವರವರ ಮನೆ ಸೇರಿತು.

ಸಂಜೆ ಮದ್ದೂರು ಮಾವ ರೈಲಿಗೆ ಹೊರಟು, ಟ್ರಂಕಿನ ಹಿಡಿಗೆ ಕೈ ಹಾಕಿದರು. "ಅಕ್ಕಾ, ಒಳಗೆ ಒಬ್ರೂ ಉಣ್ಣಲಿಲ್ವಲ್ಲ. ಒಂಡೋಣ್ವಾ?"

ಅತ್ತೆ ಅಂಗಳದಲ್ಲಿ ಹಂಡೆಗೆ ಬೂದಿ ಹಾಕಿ ಉಜ್ಜುತ್ತಿದ್ದರು. "ಒಳೀಕೆ ಯಾಕ್ಲಾ ಬತ್ತಾರೆ, ಅವರಿಗೆ ಇನ್ನೂ ಆಡಿ," ಎಂದರು. "ಭಾನುವಾರ ಇನ್ನೊಂದು ಹಂಡೆ ಐತಂತೆ, ನಾಳೀಕೆ ರಾಗಿ ನೆನೆಹಾಕ್ಬೇಕು. ನೀ ಓಗಪ್ಪ."

ಅತ್ತೆಗೆ ಈಗ ಎಪ್ಪತ್ತೇಳು, ಕುರ್ಚಿಯಲ್ಲಿ ಕೂತೇ ಹಂಡೆ ಆಳುತ್ತಾರೆ. ಕಳೆದ ವಾರ ವಾಸನೆಯ ಹಿಂದೆಯೇ ನಡೆದು ನಾನು ಸೇರಿದ್ದು ನಮ್ಮದೇ ಗೇಟಿಗೆ. ವಸಂತಾ ಅಕ್ಕ ತಿರುವುತ್ತಿದ್ದರು, ಅತ್ತೆ "ಗಂಟು, ಗಂಟು" ಎಂದು ಗದರುತ್ತಿದ್ದರು. ಅಷ್ಟರಲ್ಲಿ ಮದ್ದೂರು ಮಾವನ ಫೋನು ಬಂತು. ಮೊಮ್ಮಗಳಿಗೆ ಗಂಡು ಗೊತ್ತಾಗಿದೆ, ಶ್ರಾವಣದ ಮೊದಲ ವಾರವೇ ಶಾಸ್ತ್ರ ಇಟ್ಟುಕೊಂಡಿದ್ದೇವೆ, ಅಕ್ಕ ಬರಲೇಬೇಕು ಎಂದು. ಫೋನು ಅತ್ತೆಯ ಕಿವಿಗೆ ಹಿಡಿದೆ. ಅವರು ಹಂಡೆಯಿಂದ ಕಣ್ಣು ತೆಗೆಯದೆ ತಮ್ಮನಿಗೆ ಬುದ್ಧಿ ಹೇಳಿದರು.

"ಅದೆಂಗ್ಲಾ ಆಯ್ತದೆ? ಆಡಿ ಕಳೀಲಿ."